ಸಾಹೇಬರು ಅಲ್ಲಾಡಿಸಿ ನೋಡಿದ ಟೆಲಿಸ್ಕೋಪ್

ರಾಮನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ಗೂಡಿನಿಂದ ರೇಷ್ಮೆ ನೂಲು ತೆಗೆಸುವ ರೀಲರ್ ಸಾಹೇಬರು ಯಾವ ವಸ್ತುವನ್ನಾದರೂ ಕಿವಿಯಿಂದಲೇ ಕೊಳ್ಳುತ್ತಿದ್ದರು. ರೇಷ್ಮೆಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಹುಳ ಕಟಕಟ ಅಂದರೆ ಮಾತ್ರ ತೆಗೆದುಕೊಳ್ಳುವುದು ಅವರ ಕಸುಬು. ತೆಂಗಿನಕಾಯಿಗೂ ಅದೇ ಪರೀಕ್ಷೆ, ಸರಿ; ನಮ್ಮ ಹೊಸ ಗೋಡೆ ಗಡಿಯಾರಕ್ಕೂ ಅದೇ. "ಅಲ್ಲಾಡ್ಸಿ ನೋಡ್ಬೇಕು ಮೇಷ್ಟ್ರೇ" ಎನ್ನುತ್ತಿದ್ದರು.

ಚಂದ್ರನನ್ನು ಹತ್ತಿರದಿಂದ ನೋಡುವ ಹುಚ್ಚು ಹಿಡಿದಾಗ, ಟೆಲಿಸ್ಕೋಪ್ ಆರಿಸಲು ನನ್ನನ್ನೂ ಕರೆದುಕೊಂಡು ಹೋದರು. ಕೈಗೆಟಕುವ ಬೆಲೆಯವು ಅಂಗಡಿಯಲ್ಲಿ ಎರಡೇ ಇದ್ದವು. ಉದ್ದನೆಯದರ ಡಬ್ಬಿಯ ಮೇಲೆ ಐನೂರು ಪಟ್ಟು ದೊಡ್ಡದಾಗಿ ಕಾಣುತ್ತದೆಂದು ಬರೆದಿತ್ತು, ಆದರೆ ಅದರ ಸ್ಟ್ಯಾಂಡು ಮುಟ್ಟಿದರೆ ನಡುಗುತ್ತಿತ್ತು. ಇನ್ನೊಂದು ಗಿಡ್ಡ, ಅಗಲ ಬಾಯಿಯದು, ಗಟ್ಟಿ ಕಾಲಿನದು. ನಾನು ಏನಾದರೂ ಹೇಳುವ ಮೊದಲೇ ಸಾಹೇಬರು ಎರಡನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿಬಿಟ್ಟರು. ಅಂಗಡಿಯವನು "ಅಯ್ಯೋ, ಲೆನ್ಸು!" ಎಂದು ಓಡಿಬಂದ.

"ಉದ್ದಂದು ಸದ್ದು ಮಾಡ್ತೈತೆ, ಇದೇ ಇರ್ಲಿ. ಗಿಡ್ಡಂದ್ರಲ್ಲಿ ಹುಳ ಸತ್ತು ಅಂಟ್ಕಂಡೈತೆ" ಎಂದರು.

"ಸಾಹೇಬ್ರೇ, ಸದ್ದು ಮಾಡ್ತಿರೋದು ಸಡಿಲವಾಗಿರೋ ಲೆನ್ಸು. ಇದ್ರಲ್ಲಿ ಸದ್ದಿಲ್ದಿರೋದೇ ಒಳ್ಳೇದು" ಎಂದೆ.

ಅನುಮಾನದಿಂದಲೇ ಗಿಡ್ಡದನ್ನು ಕೊಂಡರು. ಬಸ್ಸಿನಲ್ಲಿ ಕೂತು ಅದನ್ನು ಮತ್ತೆ ಮತ್ತೆ ಅಲ್ಲಾಡಿಸಿ, ಸದ್ದೇ ಇಲ್ಲವಲ್ಲ ಎಂದು ತಲೆಯಾಡಿಸಿದರು.

ಹುಣ್ಣಿಮೆಗೆ ಎರಡು ಮೂರು ದಿನ ಮುಂಚೆ, ಬಂಡೆಬೆಟ್ಟದ ಮೇಲೆ ಇನ್ನೂ ಬಿಸಿಲಿರುವಾಗಲೇ ಚಂದ್ರ ಮೂಡಿದ. ಸಾಹೇಬರು ತಾರಸಿಯಲ್ಲಿ ಟೆಲಿಸ್ಕೋಪಿಗೆ ಕಣ್ಣಿಟ್ಟರು.

"ಏನು ಕಾಣುತ್ತೆ?" ಎಂದೆ.

"ಥೇಟ್ ಗೂಡು ಮೇಷ್ಟ್ರೇ. ಒಂದು ಪಕ್ಕ ಒಸಿ ಸೊಟ್ಟ, ಮೇಲೆಲ್ಲಾ ಕಲೆ."

ಆಮೇಲೆ, ಕಣ್ಣು ತೆಗೆಯದೆಯೇ, "ಒಂದ್ಸಲ ಅಲ್ಲಾಡ್ಸಿ ನೋಡ್ಬೇಕಿತ್ತು" ಎಂದರು.