ದೀಪಾವಳಿ ಸಂಚಿಕೆಯಲ್ಲಿ ಇಲ್ಲದ ಕೈ

ನನ್ನ ತಮ್ಮನ ಮಗಳು ವಸುಧಾಳನ್ನು, ಅವಳು ಮದುವೆಯಾಗಬೇಕೆಂದಿದ್ದ ಹುಡುಗ ಹೊಡೆಯುತ್ತಿದ್ದ. ಅದನ್ನು ಹೇಳಲೆಂದೇ ಅವಳು ನನ್ನ ಮನೆಗೆ ಬಂದಳು, ಹೇಳದೆ ಹಿಂತಿರುಗಿದಳು. ಹೇಳದಂತೆ ಮಾಡಿದವನು ನಾನು.

ಪುಣೆಯ ನಮ್ಮ ಕನ್ನಡ ಬಳಗದ ಮಾಸಪತ್ರಿಕೆಗೆ ಹನ್ನೊಂದು ವರ್ಷ ಸಿನಿಮಾ ಪುಟ ಸಿದ್ಧಪಡಿಸಿದ್ದೇನೆ. ನನ್ನ ಹೆಸರಿನ ಇನಿಶಿಯಲ್ ಬಿಟ್ಟು ಅಚ್ಚಾದ ಸಂಚಿಕೆಗಳು ಮೂರು — ಯಾವ ತಿಂಗಳು, ಯಾರ ಕೈತಪ್ಪು, ಇಂದಿಗೂ ಹೇಳಬಲ್ಲೆ. ಮೂರು ಸಲವೂ ಅಧ್ಯಕ್ಷರಿಗೆ ಪತ್ರ ಬರೆದು ತಿದ್ದುಪಡಿ ಹಾಕಿಸಿದ್ದೇನೆ. ಒಂದು ಅಕ್ಷರಕ್ಕಾಗಿ ಅಷ್ಟು ಸೆಣಸಿದವನು —

ಆ ವರ್ಷದ ದೀಪಾವಳಿ ಸಂಚಿಕೆ. ಮುಂಬೈಯ ನಟಿಯೊಬ್ಬಳು ತನ್ನ ಪ್ರಿಯಕರನಾದ ನಾಯಕನಟನೊಡನೆ ವಿಮಾನ ನಿಲ್ದಾಣದಿಂದ ಹೊರಬರುವ ಚಿತ್ರ ಎಲ್ಲೆಡೆ ಹರಿದಾಡುತ್ತಿತ್ತು. ಅವಳ ಮುಂಗೈಯ ಮೇಲೆ ನಾಲ್ಕು ಬೆರಳುಗಳ ನೀಲಿ ಗುರುತು. ಅವನು ಹೊಡೆದನೆಂದು ಪೊಲೀಸರಿಗೆ ದೂರು ಕೊಟ್ಟು, ವಾರದೊಳಗೆ ಹಿಂತೆಗೆದುಕೊಂಡಿದ್ದಳು. ವಾಹಿನಿಗಳು ಹಿನ್ನೆಲೆಯಲ್ಲಿ ಪ್ರೇಮಗೀತೆ ಹಾಕಿ ಅದನ್ನೇ ದಿನವಿಡೀ ತೋರಿಸಿದವು. ನಾನೂ ಶೀರ್ಷಿಕೆ ಕೊಟ್ಟೆ: 'ಮುನಿಸು ಮುಗಿಯಿತು, ಜೋಡಿ ಕೂಡಿತು.'

ದೀಪಾವಳಿ ಸಂಚಿಕೆಯಲ್ಲಿ ಅಶುಭವಾದದ್ದೇನೂ ಅಚ್ಚಾಗಬಾರದೆಂಬುದು ನಮ್ಮ ಬಳಗದ ಹಳೆಯ ಪದ್ಧತಿ. ಸದಸ್ಯರ ಸಾವಿನ ಸುದ್ದಿಯನ್ನೂ ಮುಂದಿನ ತಿಂಗಳಿಗೆ ತಳ್ಳುತ್ತೇವೆ. ಆದ್ದರಿಂದ ಚಿತ್ರವನ್ನು ಮೊಣಕೈಯ ಮೇಲಕ್ಕೇ ಕತ್ತರಿಸಿದೆ. ಗುರುತು ಹೋಯಿತು, ನಗು ಉಳಿಯಿತು. ಪುಟ ಅಂದವಾಗಿದೆ ಎಂದು ಬಹಳ ಜನ ಹೊಗಳಿದರು. ಹಿಗ್ಗಿದೆ.

ಪಾಡ್ಯದ ಮಧ್ಯಾಹ್ನ ವಸುಧಾ ತಾನಿದ್ದ ಮಗರಪಟ್ಟಾದಿಂದ ಪುಣೆಯದೇ ಬಿಬವೇವಾಡಿಯ ನಮ್ಮ ಮನೆಗೆ ಬಂದಳು. ಆ ಸೆಕೆಯಲ್ಲಿ ಮಣಿಕಟ್ಟಿನವರೆಗಿನ ತೋಳಿನ ಅಂಗಿ. ಇದೇಕೆಂದು ನನ್ನ ಹೆಂಡತಿ ಕೇಳಿದ್ದು, ಆಫೀಸಿನ ಏಸಿಯ ರೂಢಿ ಎಂದು ಅವಳು ನಕ್ಕದ್ದು — ಎರಡೂ ನನ್ನ ಕಿವಿಗೆ ಬಿದ್ದಿದ್ದವು. ಚಕ್ಕಲಿ ಮುಟ್ಟಲಿಲ್ಲ. ಸಂಚಿಕೆ ತೆರೆದು ಆ ಚಿತ್ರವನ್ನೇ ನೋಡುತ್ತ ಕುಳಿತಳು. ಪೂರ್ತಿ ಚಿತ್ರವನ್ನು ಮೊಬೈಲಿನಲ್ಲಿ ಮೊದಲೇ ಕಂಡಿದ್ದಳು.

"ದೊಡ್ಡಪ್ಪ, ಇಕಿ ಕೈ ಎಲ್ಲಿ ಹೋತ್ರಿ?"

"ಹಬ್ಬದ ಸಂಚಿಕಿ ಅದವ್ವಾ, ಅಂಥಾದ್ದೆಲ್ಲ ಯಾಕ ಹಾಕೋದು? ಪ್ರೀತಿ ಮಾಡೋರು ಜಗಳಾಡ್ತಾರ, ಕೂಡ್ತಾರ. ಅಕಿಗೇ ಇಲ್ಲದ ಬ್ಯಾನಿ ನಿನಗ್ಯಾಕ?"

"ಹೌದ್ರಿ," ಎಂದಳು. ಅಂಗಿಯ ತೋಳನ್ನು ಬೆರಳುಗಳವರೆಗೆ ಎಳೆದುಕೊಂಡಳು. ನಾನು ನೋಡಿದೆ — ನೋಡಿಯೂ...

ಏಳು ತಿಂಗಳ ಮೇಲೆ ತಮ್ಮ ಫೋನ್ ಮಾಡಿದ. ಆಸ್ಪತ್ರೆಗೆ ಓಡಿದೆ. ವಸುಧಾಳ ಬಲಗೈಗೆ ಪ್ಲಾಸ್ಟರ್. ಮೂಳೆ ಎರಡು ಕಡೆ ಮುರಿದಿತ್ತು. ಆ ಹುಡುಗನೇ ತಿರುಚಿದ್ದ. ನಾನು ಅವನನ್ನು ಬೈಯಲು ಬಾಯಿ ತೆರೆದೆ. ಅವಳು ಸಿಟ್ಟಿಲ್ಲದೆ, ಚಾವಣಿ ನೋಡುತ್ತ ಹೇಳಿದಳು:

"ಅವತ್ತ ಹೇಳಬೇಕಂತನ ಬಂದಿದ್ದೆರಿ. ನೀವು ಅಷ್ಟು ದೊಡ್ಡ ನಟಿ ಕೈನ ತಗದಬಿಟ್ಟಿದ್ರಿ. ನನ್ನ ಕೈ ಯಾರು ನೋಡ್ತಾರ ಅನಿಸ್ತು."

ಪರರ ಕೈತಪ್ಪುಗಳ ಪಟ್ಟಿಯಿಟ್ಟುಕೊಂಡವನಿಗೆ ತನ್ನ ಕೈ ಮಾಡಿದ್ದು ಏಳು ತಿಂಗಳು ತಿಳಿಯಲಿಲ್ಲ — ಇದಕ್ಕೆ ಯಾವ ತಿದ್ದುಪಡಿ?

ಆ ಹುಡುಗನ ಮೇಲೆ ಅವಳು ದೂರು ಕೊಟ್ಟಳು, ಹಿಂತೆಗೆದುಕೊಳ್ಳಲಿಲ್ಲ. ಈ ಬರಹವನ್ನು ಅವಳಿಗೆ ಓದಿ ಹೇಳಿದ್ದೇನೆ. ತನ್ನ ಹೆಸರು ಮರೆಮಾಡಬೇಡಿ ಎಂದಳು, ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಇದನ್ನು ಈ ಸಲದ ದೀಪಾವಳಿ ಸಂಚಿಕೆಗೇ ಕೊಡುತ್ತಿದ್ದೇನೆ, ಅಶುಭವೆಂದು ಬಳಗ ಹಿಂತಿರುಗಿಸಿದರೆ ಮನೆಮನೆಗೆ ನಾನೇ ಹಂಚುತ್ತೇನೆ.

ಪ್ರೇಮಗೀತೆ ಹಾಕಿ ತೋರಿಸಿದವರೇ, ನನ್ನ ಪುಟವನ್ನು ಹೊಗಳಿದವರೇ — ಪೂರ್ತಿ ಚಿತ್ರ ನಿಮ್ಮ ಮೊಬೈಲಿನಲ್ಲೂ ಇತ್ತು. ಕೈ ಎಲ್ಲಿ ಎಂದು ಕೇಳಿದವಳು ಏಟು ತಿನ್ನುತ್ತಿದ್ದವಳೊಬ್ಬಳೇ. ಉಳಿದ ನಾವೆಲ್ಲ ಏಕೆ ಕೇಳಲಿಲ್ಲ?