ಸರ್ಕಲ್‌ನಲ್ಲಿ ಕಟ್ಟದ ಫ್ಲೆಕ್ಸ್

ಎರಡು ವರ್ಷದ ಹಿಂದಿನ ಮಾತು. ಗಣೇಶನ ಹಬ್ಬಕ್ಕೆ ಇನ್ನೊಂದು ವಾರವಿತ್ತು. ಸೂಲಿಬೆಲೆ ಹತ್ತಿರ ನಮ್ಮದೊಂದು ಫ್ಲೆಕ್ಸ್ ಅಂಗಡಿ. ಕಂಪ್ಯೂಟರ್ ಕೆಲಸ ನನ್ನದು, ಪ್ರಿಂಟ್ ತೆಗೆದು ಮರದ ಚೌಕಟ್ಟಿಗೆ ಹೊಡೆಯುವುದು ನಮ್ಮ ಯಜಮಾನರದು. ನಮ್ಮ ಕಡೆ ಹುಟ್ಟುಹಬ್ಬಕ್ಕೂ ಫ್ಲೆಕ್ಸ್, ತಿಥಿಗೂ ಫ್ಲೆಕ್ಸ್. ಹಾಗಾಗಿ ಸುತ್ತಲಿನ ಹುಡುಗರ ಮುಖವೆಲ್ಲ ನನ್ನ ಕಂಪ್ಯೂಟರ್‌ನಲ್ಲಿದೆ. ಯಜಮಾನರಿಗೋ ಯಾರಿಗೂ ಆಗಲ್ಲ ಎನ್ನಲು ಬಾಯಿ ಬಾರದು. ನಿಮ್ಮನ್ನು ಕಟ್ಟಿಕೊಂಡು ಕೆಟ್ಟೆ ಎಂದು ದಿನಕ್ಕೊಮ್ಮೆಯಾದರೂ ರೇಗುತ್ತಿದ್ದೆ.

ಆಗಲೇ ನಮ್ಮೆದುರಿನ ಬೇಕರಿ ಮುಂದೆ ಹುಡುಗರ ಜಗಳವಾಯಿತು. ಬೈಕ್ ತಾಗಿದ್ದಷ್ಟೇ ಕಾರಣ. ಹದಿನಾರು ವರ್ಷದವನೊಬ್ಬ, ಹಾಲಿನ ಡೇರಿಯಲ್ಲಿ ಕೆಲಸ ಮಾಡುವ ಮಂಜುವಿನ ತಮ್ಮನ ಹೊಟ್ಟೆಗೆ ಚಾಕು ಹಾಕಿಬಿಟ್ಟ. ಮೆಟ್ಟಿಲ ಮೇಲೆ ನಿಂತಿದ್ದ ಯಜಮಾನರು ಕಣ್ಣಾರೆ ನೋಡಿದರು. ಪೊಲೀಸರು ಬಂದಾಗ ನಾನೇ ಮುಂದಾಗಿ, ನಾವಿಬ್ಬರೂ ಒಳಗಿದ್ದೆವು, ಏನೂ ನೋಡಿಲ್ಲ ಎಂದೆ. ಬೇಕರಿಯವರೂ ಹಾಗೇ ಹೇಳಿದರು. ಯಾರು ಮಾಡಿದ್ದೆಂದು ಊರಿಗೆಲ್ಲ ಗೊತ್ತು, ಸ್ಟೇಷನ್‌ನಲ್ಲಿ ಹೇಳುವವರು ಒಬ್ಬರೂ ಇಲ್ಲ. ಗಾಯಗೊಂಡ ಹುಡುಗನಿಗೆ ಎಚ್ಚರವೇ ಇರಲಿಲ್ಲ.

ಮೂರನೇ ದಿನ ಮಂಜು ಗೆಳೆಯರನ್ನು ಕಟ್ಟಿಕೊಂಡು ಬಂದ. ಚಾಕು ಹಾಕಿದವನ ಫೋಟೊ, ಹೆಸರು, ಅಪ್ಪನ ಹೆಸರು ಎಲ್ಲ ಹಾಕಿ ದೊಡ್ಡ ಫ್ಲೆಕ್ಸ್ ಮಾಡಿಕೊಡಿ, ಸರ್ಕಲ್‌ನಲ್ಲಿ ಕಟ್ಟುತ್ತೇವೆ ಎಂದ. ಫೋಟೊ ನನ್ನಲ್ಲೇ ಇತ್ತು, ಹಿಂದಿನ ವರ್ಷದ ಹುಟ್ಟುಹಬ್ಬದ್ದು. ಮಂಜುವಿನ ಮುಖ ನೋಡಿ ನನಗೂ ಅದೇ ಸರಿ ಅನ್ನಿಸಿತು. ಫೋಲ್ಡರ್ ತೆರೆದೆ. ಯಜಮಾನರು ಬಂದವರೇ ಕಂಪ್ಯೂಟರ್ ಸ್ವಿಚ್ ಆರಿಸಿಬಿಟ್ಟರು.

“ಇದನ್ನ ನಾನು ಪ್ರಿಂಟ್ ಹಾಕಲ್ಲ ಕಣಪ್ಪ. ಆ ಹುಡುಗನಿಗೆ ತಂಗಿ ಅವ್ಳೆ. ದಿನಾ ಆ ಸರ್ಕಲ್‌ನಲ್ಲೇ ಸ್ಕೂಲ್ ಬಸ್ ಹತ್ತಬೇಕು.”

“ನನ್ ತಮ್ಮ ಸಾಯೋಂಗೆ ಬಿದ್ದವ್ನೆ ಅಣ್ಣ,” ಎಂದ ಮಂಜು. “ಏಟು ತಿಂದೋನ ಹೆಸರು ಎಲ್ಲರ ಬಾಯಲ್ಲೂ ಐತೆ. ಚಾಕು ಹಾಕ್ದೋನ ಹೆಸರು ಯಾಕೆ ಮುಚ್ಚಿಡಬೇಕು?”

ಯಜಮಾನರು ಸ್ಕೂಟರ್ ಕೀಲಿ ಕೈಗೆತ್ತಿಕೊಂಡರು.

“ಮುಚ್ಚಿಡಬಾರದು. ಹೇಳೋ ಜಾಗದಲ್ಲಿ ಹೇಳ್ಬೇಕು. ನಾನು ನೋಡಿದೀನಿ ಮಂಜು. ನೋಡಿಲ್ಲ ಅಂದಿದ್ದು ಸುಳ್ಳು. ನಡಿ, ಸ್ಟೇಷನ್‌ಗೆ ಬರ್ತೀನಿ.”

ತಲೆ ಮೇಲೆ ಹೆಲ್ಮೆಟ್ ಇದ್ದರೂ ಪೊಲೀಸರನ್ನು ಕಂಡರೆ ಗಾಡಿ ತಿರುಗಿಸುವ ಮನುಷ್ಯ ಇವರು. ತಡೆಯಲೆಂದು ಎದ್ದೆ. ಆದರೆ ಸುಳ್ಳು ಹೇಳಿದವಳು ನಾನೇ, ಯಾವ ಮುಖವಿಟ್ಟುಕೊಂಡು ತಡೆಯಲಿ? ಮಂಜುವನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟರು. ಸ್ಟೇಷನ್‌ನಲ್ಲಿ ನೋಡಿದ್ದನ್ನೆಲ್ಲ ಬರೆಸಿ ಸಹಿ ಹಾಕಿದರು. ಹದಿನೆಂಟು ತುಂಬದವನ ಹೆಸರು, ಫೋಟೊ ಹೊರಗೆ ಹಾಕಿದರೆ ಅದೂ ತಪ್ಪೇ ಎಂದು ಅಲ್ಲಿನ ಅಧಿಕಾರಿ ಮಂಜುವಿಗೆ ತಿಳಿಸಿದರಂತೆ. ಮರುದಿನ ಬೇಕರಿಯವರೂ ಹೋಗಿ ಹೇಳಿಕೆ ಕೊಟ್ಟರು. ಹುಡುಗನನ್ನು ಹಿಡಿದರು. ದೇವರು ದೊಡ್ಡವನು, ಮಂಜುವಿನ ತಮ್ಮ ಬದುಕಿಕೊಂಡ.

ಚಾಕು ಹಾಕಿದ ಹುಡುಗನ ಮನೆಯವರು ಇವತ್ತಿಗೂ ನಮ್ಮ ಹತ್ತಿರ ಮಾತಾಡುವುದಿಲ್ಲ. ಬೇಜಾರಿದೆ. ಆದರೂ ಯಜಮಾನರ ಮೇಲೆ ಈಗ ರೇಗಲು ಮನಸ್ಸು ಬರುವುದಿಲ್ಲ.

ಆ ಹುಡುಗನ ಹೆಸರು ನಾನು ಇಲ್ಲಿ ಬರೆದಿಲ್ಲ, ಬರೆಯುವುದೂ ಇಲ್ಲ. ಗಂಡನ ಹೆಸರು ಹೇಳುವ ರೂಢಿಯೂ ನಮ್ಮ ಮನೆಗಳಲ್ಲಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ನಾನೂ ಹೇಳಿದವಳಲ್ಲ. ಇವತ್ತು ಬರೆಯುತ್ತಿದ್ದೇನೆ, ನಾಲ್ಕು ಜನ ಓದಲಿ ಎಂದೇ ಬರೆಯುತ್ತಿದ್ದೇನೆ: ನನ್ನ ಗಂಡನ ಹೆಸರು ಮುನಿರಾಜು.