ಮೈಕಮ್ಮನ ಐದರ ಗುಂಡಿ

ಬಸ್ ನಿಲ್ದಾಣದಲ್ಲಿ ಇಪ್ಪತ್ತೆಂಟು ವರ್ಷ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಎಷ್ಟು ತಡ, ಯಾರ ಮಗು ಕಳೆದುಹೋಗಿದೆ, ಯಾರ ಚೀಲ ಸಿಕ್ಕಿದೆ ಎಂದು ಊರಿಗೆಲ್ಲ ಸಾರಿದವಳು ಮೈಕಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಮನೆಯಲ್ಲಿ ಆಕೆಗೆ ಮೈಕು ಬೇಕಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ಗಂಡನನ್ನು ಬೈದರೆ ಎದುರುಮನೆಯ ಗಂಡಸು ತಪ್ಪೊಪ್ಪಿಕೊಳ್ಳುತ್ತಿದ್ದ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು.

ಆ ದನಿಯನ್ನು ಮೊದಲು ಕಿತ್ತುಕೊಂಡವರು ನಿಲ್ದಾಣದವರು. ರೆಕಾರ್ಡು ಮಾಡಿಟ್ಟ ಯಾವಳೋ ಹುಡುಗಿಯ ದನಿಯನ್ನು ತಂದು ಯಂತ್ರಕ್ಕೆ ತುಂಬಿದರು, ಮೈಕಮ್ಮನಿಗೆ ಒಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಮೂರು ವರ್ಷದ ನಂತರ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಉಳಿದ ದನಿಯನ್ನು ಡಾಕ್ಟರು ತೆಗೆದರು. ಅವರು ಹೂಗುಚ್ಛ ಕೊಡಲಿಲ್ಲ, ನಾಲ್ಕು ಕಡೆ ಸಹಿ ಹಾಕಿಸಿಕೊಂಡರು.

ನೋಡಲು ಬಂದ ನೆಂಟರು ಹಾಸಿಗೆಯ ಪಕ್ಕ ಕೂತು, "ಹೋಗ್ಲಿ ಬಿಡಕ್ಕ, ಮಾತು ಬೆಳ್ಳಿ, ಮೌನ ಬಂಗಾರ" ಎಂದು ಸಮಾಧಾನ ಹೇಳಿದರು. ಅಷ್ಟು ಸುಲಭದ ಬಂಗಾರವಾಗಿದ್ದರೆ ಅವರೂ ಒಂದೊಂದು ಗಂಟಲು ಕೊಯ್ಯಿಸಿಕೊಳ್ಳಬಹುದಿತ್ತು. ಯಾರೂ ಮುಂದೆ ಬರಲಿಲ್ಲ.

ಗಂಡ ಲಿಫ್ಟ್ ಮೇಸ್ತ್ರಿ. ದಿನವಿಡೀ ಯಾವುದೋ ಕಟ್ಟಡದಲ್ಲಿ ಲಿಫ್ಟು ಏರಿಳಿಯುವ ಬಾವಿಯೊಳಗೆ, ಕತ್ತಲಲ್ಲಿ, ಎರಡು ಕೈಗೂ ಗ್ರೀಸು ಮೆತ್ತಿಕೊಂಡು ಹಗ್ಗ ಸರಪಳಿಗಳ ನಡುವೆ ಇರುವ ಮನುಷ್ಯ. ಫೋನು ಅಂಗಿಯ ಜೇಬಿನಲ್ಲಿ, ಅದರ ತಂತಿ ಕಿವಿಯಲ್ಲಿ. ರಿಂಗಾದರೆ ತಂತಿಯ ಮೇಲಿನ ಗುಂಡಿಯನ್ನು ಗಲ್ಲದಿಂದಲೇ ಅದುಮಿ ಮಾತಾಡುತ್ತಾನೆ. ಯಾರ ಕರೆ ಎಂದು ನೋಡುವ ಪುರುಸೊತ್ತೂ ಇಲ್ಲ, ಬೆಳಕೂ ಇಲ್ಲ. ಕನ್ನಡಕವಂತೂ ಮನೆಯಲ್ಲಿ ಟೀವಿಯ ಮೇಲಿರುತ್ತದೆ. ಇಂಥವನಿಗೆ ಮೆಸೇಜು ಬರೆದು ಕಳಿಸುವುದೂ ಒಂದೇ, ಬರೆದು ಒಲೆಗೆ ಹಾಕುವುದೂ ಒಂದೇ.

ದಾರಿ ಕಂಡುಹಿಡಿದದ್ದು ಮೈಕಮ್ಮನೇ. ಆಕೆಯ ಹತ್ತಿರ ಗುಂಡಿಗಳಿದ್ದ ಹಳೆಯ ಫೋನಿತ್ತು. ಕರೆ ನಡೆಯುತ್ತಿರುವಾಗ ಗುಂಡಿ ಒತ್ತಿದರೆ ಆ ಕಡೆಯವರ ಕಿವಿಗೆ 'ಟೂಂ' ಎಂದು ಕೇಳುತ್ತದೆ. ಒಂದು ಸಲ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಇಲ್ಲ, ಮೂರು ಸಲ ಒತ್ತಿದರೆ ಬಾಯಿ ಮುಚ್ಚಿ. ಒತ್ತಿ ಹಿಡಿದರೆ ಬೈಗುಳ. ಎಷ್ಟು ಹೊತ್ತು ಹಿಡಿದರೆ ಅಷ್ಟು ಬೈಗುಳ. ಐದರ ಗುಂಡಿಯ ನಡುವೆ ಸಾಸಿವೆಯಷ್ಟು ಉಬ್ಬಿರುತ್ತದಲ್ಲ, ಹೆಬ್ಬೆರಳು ಅದನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ಫೋನು ಕಿವಿಯಲ್ಲೇ, ಬೆರಳು ಗುಂಡಿಯಲ್ಲೇ. ಬಾಯಿ ಇದ್ದವ ಬರದಲ್ಲೂ ಬದುಕಿದ ಎನ್ನುತ್ತಾರೆ, ಮೈಕಮ್ಮ ಹೆಬ್ಬೆರಳಿನಲ್ಲಿ ಬದುಕಿದಳು.

ದಿನಾ ಮಧ್ಯಾಹ್ನ ಒಂದು ಗಂಟೆಗೆ ಆಕೆ ಫೋನು ಮಾಡುವುದು, ಅವನು ಮೂರು ಪ್ರಶ್ನೆ ಕೇಳುವುದು ಎರಡು ವರ್ಷದ ರೂಢಿ.

"ಊಟ ಆಯ್ತಾ?" ಟೂಂ.

"ಮಾತ್ರೆ ತಗೊಂಡ್ಯಾ?" ಟೂಂ.

"ಬೇಜಾರಾ?" ಟೂಂ, ಟೂಂ.

ಮೂರನೆಯದಕ್ಕೆ ಆಕೆ ತಡವೇ ಮಾಡುತ್ತಿರಲಿಲ್ಲ, ಅವನು ಕೇಳಿ ಮುಗಿಸುವುದರೊಳಗೆ ಎರಡು ಸಲ ಒತ್ತಿಬಿಡುತ್ತಿದ್ದಳು. ಹೌದು ಎಂದರೆ ಒಂಬತ್ತನೆಯ ಮಹಡಿಯ ಬಾವಿಯಲ್ಲಿ ನೇತಾಡುತ್ತಿರುವ ಗಂಡಸು ಅದನ್ನಿಟ್ಟುಕೊಂಡು ಏನು ಮಾಡಬೇಕು?

ಸಂಸಾರದಲ್ಲಿ ದುಡಿದವರೇ ಮೊದಲು ಸವೆಯುವುದು. ಐದರ ಗುಂಡಿ ಒಂದು ದಿನ ಒಳಗೆ ಹೋಗಿದ್ದು ಮೇಲೆ ಬರಲೇ ಇಲ್ಲ. ಆಕೆ ಎಂಟಕ್ಕೆ ಇಳಿದಳು. ಎಂಟೂ ನಾಲ್ಕು ತಿಂಗಳು ಬೈಗುಳ ಹೊತ್ತು ಸತ್ತಿತು. ಆಮೇಲೆ ಇಡೀ ಫೋನೇ ಕಣ್ಣು ಮುಚ್ಚಿತು.

ಭಾನುವಾರ ಮನೆಯಲ್ಲಿ ಸಭೆ ಸೇರಿತು. ಮಗ ಟೈಲ್ಸ್ ಅಂಗಡಿಯಲ್ಲಿ ಮಾರಾಟದವನು, ನುಣುಪಾಗಿ ಹೊಳೆಯುವುದೆಲ್ಲ ಒಳ್ಳೆಯದೆಂದು ನಂಬಿದವನು. ಸೊಸೆಗೆ ಅತ್ತೆಯ ಮೇಲೆ ಪ್ರೀತಿ ಜಾಸ್ತಿ, ಅದನ್ನು ತೋರಿಸುವ ಅವಸರ ಇನ್ನೂ ಜಾಸ್ತಿ. ಯಾರ ಫೋನಿಗಾಗಿ ಸಭೆ ಸೇರಿತ್ತೋ ಅವಳನ್ನು ಬಿಟ್ಟು ಮಿಕ್ಕವರೆಲ್ಲ ಮಾತಾಡಿದರು. ಮೈಕಮ್ಮ ತನ್ನ ಪುಟ್ಟ ನೋಟುಬುಕ್ಕಿನಲ್ಲಿ 'ಗುಂಡಿ ಇರೋದೇ ಬೇಕು' ಎಂದು ದಪ್ಪಕ್ಷರದಲ್ಲಿ ಬರೆದು ಹಿಡಿದಳು.

"ಅಮ್ಮಾ, ಗುಂಡಿ ಫೋನ್ ಈಗ ಯಾರು ಇಟ್ಕೋತಾರೆ? ನಾಚಿಕೆ ಆಗುತ್ತೆ," ಎಂದ ಮಗ.

ಮೈಕಮ್ಮ ಬರೆದಳು: 'ನಿನ್ನ ಅಂಗಿಗೆ ಗುಂಡಿ ಇದೆಯಲ್ಲ, ನಾಚಿಕೆ ಆಗಲ್ವಾ?'

ಸೊಸೆ ನಕ್ಕಳು, ಮಗ ನಗಲಿಲ್ಲ. ಸಂಜೆಗೆ ಟಚ್ ಫೋನು ಬಂತು. ಅಂಗೈಗಿಂತ ದೊಡ್ಡದು, ಕನ್ನಡಿಯಷ್ಟು ನುಣುಪು. ಮಗ ಅದನ್ನು ಅಂಗಡಿಯ ಹೊಸ ಟೈಲಿನಂತೆ ಬೆಳಕಿಗೆ ಹಿಡಿದು ತೋರಿಸಿದ.

ಮಾರನೆಯ ದಿನ ಒಂದು ಗಂಟೆಗೆ ಮೈಕಮ್ಮ ಫೋನು ಕಿವಿಗಿಟ್ಟಳು, ತೆರೆ ಕಪ್ಪಾಯಿತು. ಕಿವಿಯಿಂದ ತೆಗೆದಳು, ಬೆಳಕು ಬಂತು, ಅಂಕಿಗಳು ಕಾಣಲಿಲ್ಲ. ಅಂಕಿಗಳನ್ನು ಕರೆಯಲು ಎಲ್ಲೋ ಒಂದು ಕಡೆ ಮುಟ್ಟಬೇಕು, ಮುಟ್ಟಿದ ಮೇಲೆ ಐದು ಎಲ್ಲಿದೆ ಎಂದು ಕಣ್ಣಿಟ್ಟು ಹುಡುಕಬೇಕು. ಅಷ್ಟರಲ್ಲಿ ಗಂಡ ಏನು ಕೇಳಿದನೆಂದು ಕೇಳಿಸಲಿಲ್ಲ. ಮತ್ತೆ ಕಿವಿಗಿಟ್ಟಳು, ಕೆನ್ನೆ ತಗುಲಿ ಕರೆಯೇ ಕಟ್ಟಾಯಿತು. ಎರಡು ವರ್ಷದ ಕಾಯಿಲೆಯೂ ಮಾಡದ್ದನ್ನು ಸ್ವಂತ ಕೆನ್ನೆ ಮಾಡಿತ್ತು.

"ಸ್ಪೀಕರ್ ಹಾಕ್ಕೊಳ್ಳಿ ಅತ್ತೆ, ಅಷ್ಟೇ ತಾನೆ?" ಎಂದಳು ಸೊಸೆ. ಅಷ್ಟೇ. ಮರುದಿನ ತರಕಾರಿ ಅಂಗಡಿಯ ಸಾಲಿನಲ್ಲಿ ಎಂಟು ಜನರ ನಡುವೆ ನಿಂತು ಮೈಕಮ್ಮ ಸ್ಪೀಕರ್ ಹಾಕಿದಳು. ಲಿಫ್ಟಿನ ಬಾವಿಯಿಂದ ಗಂಡನ ದನಿ ಗಂಟೆ ಹೊಡೆದಂತೆ ಬಂತು: "ಬರೋವಾಗ ನನ್ನ ಮೂಲವ್ಯಾಧಿ ಮುಲಾಮು ತಗೊಂಡ್ ಬಾರೇ, ಕೂರಕ್ಕಾಗ್ತಿಲ್ಲ!" ಎಂಟು ಜನವೂ ಬದನೆಕಾಯಿಯನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು.

ಆಮೇಲೆ ಮಗನ ತಲೆಗೆ ಮಹಾ ಉಪಾಯ ಹೊಳೆಯಿತು. ಬರೆದದ್ದನ್ನು ಫೋನೇ ಓದಿ ಹೇಳುವ ಏರ್ಪಾಡೊಂದಿದೆಯಂತೆ. "ಅಮ್ಮಂಗೆ ದನಿ ವಾಪಸ್ ಬಂದ ಹಾಗೆ!" ಎಂದು ಕುಣಿದ. ದನಿ ಯಾರದೆಂದು ಕೇಳಿದರೆ ಅದೇ ಹುಡುಗಿ, ಇಲ್ಲವೇ ಅವಳ ತಂಗಿ. ನಿಲ್ದಾಣದಲ್ಲಿ ತನ್ನ ಕುರ್ಚಿ ಕಿತ್ತುಕೊಂಡವಳು ಈಗ ಗಂಡನ ಕಿವಿಗೂ ಬರುತ್ತಿದ್ದಾಳೆ ಎಂದು ಮೈಕಮ್ಮನಿಗೆ ಮೈ ಉರಿಯಿತು. ಆದರೂ ಮಕ್ಕಳ ಮನಸ್ಸು ಮುರಿಯಬಾರದೆಂದು ಒಪ್ಪಿದಳು. ಸೊಸೆಯೇ ಮೊದಲ ಸಾಲು ಬರೆದುಕೊಟ್ಟಳು. ಮೇಸ್ತ್ರಿಗೆ ಮೊದಲೇ ಹೇಳಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಒಂದು ಗಂಟೆಗೆ ಕರೆ ಹೋಯಿತು. ಗಂಡ "ಹಾಂ" ಎಂದ. ಹುಡುಗಿ ಸ್ಪಷ್ಟವಾಗಿ, ಮಧುರವಾಗಿ ಹೇಳಿದಳು: "ನಮಸ್ಕಾರ. ನಾನು ನಿಮ್ಮ ಹೆಂಡತಿ ಮಾತನಾಡುತ್ತಿದ್ದೇನೆ."

"ಇನ್ಶೂರೆನ್ಸ್ ಬೇಡಮ್ಮ," ಎಂದು ಗಂಡ ಕಟ್ ಮಾಡಿದ.

ಎರಡನೆಯ ಸಲ ಮೈಕಮ್ಮ ಬೇಗ ಬೇಗ ಬರೆದು ಒತ್ತಿದಳು. "ರೀ, ಇದು ನಾನೇ. ದಯವಿಟ್ಟು ಕೇಳಿ," ಎಂದಿತು ಫೋನು.

"ದಯವಿಟ್ಟು ಅನ್ನೋರು ನಮ್ಮನೇಲಿ ಯಾರೂ ಇಲ್ಲಮ್ಮ. ಬೇರೆ ನಂಬರ್ ನೋಡು."

ಮೂರನೆಯ ಸಲಕ್ಕೆ ಅವನು ರೇಗಿದ. "ನನಗೆ ಹೆಂಡ್ತೀನೂ ಇದ್ದಾಳೆ, ಇನ್ಶೂರೆನ್ಸೂ ಇದೆ. ಒಂದೊಂದೇ ಸಾಕು! ಫೋನ್ ಇಡು, ಈಗ ಅವಳು ಮಾಡೋ ಹೊತ್ತು!"

ಮೈಕಮ್ಮ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟು ಅತ್ತಳು. ಗಂಟಲು ಕೊಯ್ದ ಮೇಲೆ ಅಳುವಿಗೂ ಸದ್ದಿಲ್ಲ, ಪಕ್ಕದ ಕೋಣೆಯಲ್ಲಿದ್ದ ಸೊಸೆಗೆ ಗೊತ್ತಾಗಲಿಲ್ಲ. ನಗಬೇಕಾದ ಸಂಗತಿಯೇ, ಇಲ್ಲವೆನ್ನುವುದಿಲ್ಲ. ಆದರೆ ಅವನು ತನ್ನ ಕರೆಗೇ ಕಾಯುತ್ತಾ ತನ್ನನ್ನೇ ಮೂರು ಸಲ ಹೊರಗಟ್ಟಿದ್ದ. ಡಾಕ್ಟರು ದನಿ ತೆಗೆದ ದಿನವೂ ತಾನು ಇಷ್ಟು ಮೂಕಿಯಾಗಿರಲಿಲ್ಲ ಎಂದು ಆಕೆಗೆ ಅನ್ನಿಸಿತು.

ಸಂಜೆ ಗಂಡ ಮುಖ ಗಂಟು ಹಾಕಿಕೊಂಡು ಬಂದ. "ಯಾಕೇ ಫೋನ್ ಮಾಡ್ಲಿಲ್ಲ ಇವತ್ತು? ನನಗೆ ಕೆಲಸವೇ ಓಡ್ಲಿಲ್ಲ."

ಆಕೆ ನೋಟುಬುಕ್ಕು ತಳ್ಳಿದಳು. 'ಮಾಡಿದ್ದೆ. ಮೂರು ಸಲ. ಇನ್ಶೂರೆನ್ಸ್ ಬೇಡ ಅಂದ್ರಿ.'

ಅವನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಕೈಯನ್ನೂ ತೊಳೆಯದೆ ಕೂತಲ್ಲೇ ಕೂತ. ಆಮೇಲೆ ಗ್ರೀಸಿನ ಬೆರಳಿನಿಂದಲೇ ಪೆನ್ನು ತೆಗೆದುಕೊಂಡು, ಬಾಯಿ ಇದ್ದೂ, ಅವಳ ಸಾಲಿನ ಕೆಳಗೆ ಬರೆದ: 'ನಾಳೆ ರಜೆ ಹಾಕ್ತೀನಿ.'

ಊರಿನ ಐದು ಫೋನಂಗಡಿಗಳಲ್ಲಿ ನಾಲ್ಕರಲ್ಲಿ ಗುಂಡಿ ಎಂದ ಕೂಡಲೇ ಮುಖ ತಿರುಗಿಸಿದರು. ಐದನೆಯವನು ಕೆಳಗಿನ ಕಪಾಟಿನಿಂದ ಧೂಳು ಹಿಡಿದ ನಾಲ್ಕು ಡಬ್ಬಿ ತೆಗೆದ. "ಇದೆಲ್ಲಾ ವಯಸ್ಸಾದೋರಿಗೆ ಸಾರ್," ಎಂದ.

"ನಾವೇನು ತೊಟ್ಟಿಲಿಂದ ಎದ್ದು ಬಂದಿದೀವಾ? ಸಿಮ್ ಹಾಕಪ್ಪ," ಎಂದ ಮೇಸ್ತ್ರಿ.

ಆರಿಸಿದ ರೀತಿಯನ್ನು ಕಂಡು ಅಂಗಡಿಯವನಿಗೆ ತಲೆ ಕೆಟ್ಟಿತು. ಕ್ಯಾಮೆರಾ ಕೇಳಲಿಲ್ಲ, ಬಣ್ಣ ನೋಡಲಿಲ್ಲ. ಹೆಂಗಸು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಐದರ ಗುಂಡಿ ತಡಕುತ್ತಾಳೆ, ಗಂಡಸು ತನ್ನ ಫೋನಿನ ತಂತಿ ಕಿವಿಗೆ ಸಿಕ್ಕಿಸಿಕೊಂಡು ಬೀದಿಯ ಆ ತುದಿಯ ದೀಪದ ಕಂಬದವರೆಗೂ ನಡೆದುಹೋಗಿ ನಿಲ್ಲುತ್ತಾನೆ.

ಮೊದಲನೆಯದರ ಗುಂಡಿ ಬೇಯಿಸಿದ ಬಟಾಣಿಯಂತೆ ಮೆತ್ತಗೆ, ಒತ್ತಿದ್ದೋ ಬಿಟ್ಟದ್ದೋ ಬೆರಳಿಗೆ ತಿಳಿಯಲಿಲ್ಲ. ಎರಡನೆಯದರಲ್ಲಿ ಉಬ್ಬೇ ಇರಲಿಲ್ಲ. ಮೂರನೆಯದು ಎಲ್ಲ ಸರಿ, ಆದರೆ ಒತ್ತಿ ಹಿಡಿದರೂ 'ಟಿಕ್' ಎಂದಷ್ಟೇ ಕೇಳಿ ನಿಂತುಬಿಡುತ್ತಿತ್ತು.

"ಲೇ, ಇದ್ರಲ್ಲಿ ನೀನು ಬೈಯೋದು ಕೇಳ್ಸೋದೇ ಇಲ್ಲ," ಎಂದ ಗಂಡ ಕಂಬದ ಬುಡದಿಂದ. "ಇದನ್ನೇ ತಗೊಂಡ್ಬಿಡೋಣ."

ಟಿಕ್, ಟಿಕ್, ಟಿಕ್.

"ಆಯ್ತು, ಆಯ್ತು, ಬಾಯಿ ಮುಚ್ಚಿದೆ. ಮುಂದಿಂದು ಹಾಕ್ಸು."

ಅಂಗಡಿಯವನು ನಿಟ್ಟುಸಿರು ಬಿಡುತ್ತಾ ಸಿಮ್ ಬದಲಿಸಿದ. ನಾಲ್ಕನೆಯದು ಇಟ್ಟಿಗೆಯಂಥ ಕುರೂಪಿ. ಹೆಬ್ಬೆರಳು ಮಾತ್ರ ಅದರ ಮೇಲೆ ಹಳೆ ಗಂಡನ ಮನೆಗೆ ಬಂದವಳಂತೆ ಸೀದಾ ಹೋಗಿ ಕೂತಿತು. ಐದರ ಮೇಲೆ ಸಾಸಿವೆ ಕಾಳು ಇತ್ತು. ಫೋನು ಕಿವಿಗಿಟ್ಟುಕೊಂಡೇ ಒತ್ತಿದಳು.

"ಹಾಂ, ಕೇಳಿಸ್ತು!" ಗಂಡನ ದನಿ ಏರಿತು. "ಸರಿ, ಸರಿಯಾಗಿ ನೋಡೋಣ. ಊಟ ಆಯ್ತಾ?"

ಟೂಂ.

"ಮಾತ್ರೆ ತಗೊಂಡ್ಯಾ?"

ಟೂಂ.

"ಬೇಜಾರಾ?"

ಎರಡು ವರ್ಷದ ರೂಢಿಯ ಬೆರಳು ಎರಡು ಸಲ ಒತ್ತಲು ಎದ್ದಿತು. ಮೈಕಮ್ಮ ಬಾಗಿಲಿನಾಚೆ ನೋಡಿದಳು. ಇವತ್ತು ಅವನು ಬಾವಿಯಲ್ಲಿ ನೇತಾಡುತ್ತಿರಲಿಲ್ಲ. ಎರಡು ಕಾಲೂ ನೆಲದ ಮೇಲಿದ್ದವು, ಒಂದು ಕೈ ಕಂಬವನ್ನು ಹಿಡಿದಿತ್ತು. ಆಕೆ ಗುಂಡಿ ಒತ್ತಿದಳು, ಬೆರಳು ತೆಗೆಯಲಿಲ್ಲ.

ಬೈಗುಳವೆಂದುಕೊಂಡು ಅವನು ಮೊದಲು ನಕ್ಕ. "ಆಯ್ತು ಮಾರಾಯ್ತಿ, ನಾನೇನು ತಪ್ಪು ಮಾಡ್ದೆ ಈಗ?" ಎಂದ. ಸದ್ದು ನಿಲ್ಲಲಿಲ್ಲ. ಆಗ ಅವನಿಗೆ ತಾನು ಕೇಳಿದ್ದ ಪ್ರಶ್ನೆ ನೆನಪಾಯಿತು. ನಗು ಹಾಗೆಯೇ ನಿಂತಿತು. ಅಂಗಡಿಯ ಕಡೆ ತಿರುಗಿ, ಕಿವಿಯ ತಂತಿಯನ್ನು ಬೆರಳಿನಿಂದ ಇನ್ನಷ್ಟು ಒಳಕ್ಕೆ ಒತ್ತಿಕೊಂಡ.

"ಪೀಸ್ ಕೆಟ್ಟಿದೆ ಅನ್ಸುತ್ತೆ ಮೇಡಂ, ಗುಂಡಿ ಸಿಕ್ಕಿಹಾಕ್ಕೊಂಡಿದೆ," ಎಂದು ಅಂಗಡಿಯವನು ಕೈ ಚಾಚಿದ. ಮೈಕಮ್ಮ ಫೋನು ಕೊಡಲಿಲ್ಲ.

ಹಾರ್ನು ಬಾರಿಸುತ್ತ ಒಂದು ಬಸ್ಸು ಇಬ್ಬರ ನಡುವೆ ಹಾದುಹೋಯಿತು. ಅದು ಹೋದ ಮೇಲೂ ಅವನು ಅಲ್ಲೇ ನಿಂತಿದ್ದ, ಕೇಳಿಸಿಕೊಳ್ಳುತ್ತಿದ್ದ. ಆಕೆ ತಾನಾಗಿ ಬೆರಳು ಎತ್ತುವವರೆಗೂ ಅವನು ಕಟ್ ಮಾಡಲಿಲ್ಲ.